ಲಿಂಗ ತೆಗೆದಿರಿಸಿದರೆ ವ್ರತಭಂಗವೇ?

ಕಳೆದ ಗುರುವಾರ ಶ್ರೀಮಠಕ್ಕೆ ಹಿರಿಯ ಭಕ್ತರೊಬ್ಬರು ಮಗನೊಡನೆ ಬಂದಿದ್ದರು. ಬಾಯಿಯಲ್ಲಿ ಎದ್ದ ಹುಣ್ಣು ಕ್ಯಾನ್ಸರ್ ಎಂದು ತಿಳಿದು, ಶಸ್ತ್ರಚಿಕಿತ್ಸೆಯೂ ಆಗಿದೆ. ಇನ್ನು ವಾರಕ್ಕೆ 5 ದಿನದಂತೆ 6 ವಾರ ಕಿರಣಚಿಕಿತ್ಸೆ ಆಗಬೇಕು. ರೋಗಕ್ಕೆ ಅಂಜದ ಆ ಜೀವ ಬೇರೊಂದಕ್ಕೆ ಅಂಜಿತ್ತು. “ಅಜ್ಜಾರ, ಯಂತ್ರದ ಕೆಳಗ ಮಲಗುವಾಗ ಕೊರಳಾಗಿನ ಲಿಂಗ ತೆಗೀಬೇಕಂತ್ರಿ. ದೀಕ್ಷಾ ಆದಾಗಿಂದ ಮೈ ಬಿಟ್ಟಿಲ್ರಿ. ನಾ ಒಲ್ಲೆ.” ಚಿಕಿತ್ಸೆಯನ್ನೇ ಬಿಡಲು ಹೊರಟಿದ್ದರು.

ಆ ಕೋಣೆಯಲ್ಲಿ ಜೊತೆಗೆ ಯಾರೂ ನಿಲ್ಲುವಂತಿಲ್ಲ. ಮುಖಕ್ಕೆ ಬಲೆಯಂಥ ಮುಸುಕು ಬಿಗಿದಿರುತ್ತಾರೆ, ಅಲುಗುವಂತಿಲ್ಲ. ಅಂಥ ಹೊತ್ತಿನಲ್ಲಿ ಲಿಂಗವೂ ಮೈಮೇಲಿಲ್ಲವೆಂದರೆ ಭಕ್ತನ ಎದೆ ನಡುಗುವುದು ಸಹಜವೇ. ಲಿಂಗವನ್ನು ಪ್ರಾಣಕ್ಕೆ ಸಮನಾಗಿ ಕಾಯ್ದುಕೊಳ್ಳಬೇಕೆಂಬುದು ಸಿದ್ಧಾಂತಶಿಖಾಮಣಿಯ ಆದೇಶ. ಅದನ್ನು ಸಡಿಲಿಸುವವರು ನಾವಲ್ಲ. ಆದರೆ ಹೊರಗಿನ ಇಷ್ಟಲಿಂಗವೇ ಒಳಗೆ ಪ್ರಾಣಲಿಂಗವಾಗಿ, ಭಾವಲಿಂಗವಾಗಿ ಇದೆಯೆಂದು ಗುರು ತಿಳಿಸಿಕೊಟ್ಟಿರುವುದು ಇನ್ನಾವ ಹೊತ್ತಿಗೆ? ಕರಡಿಗೆಯ ಬೆಳ್ಳಿ ಕಿರಣದ ದಾರಿಗೆ ಅಡ್ಡ ಬರಬಾರದೆಂದು ವೈದ್ಯರು ಹೇಳುತ್ತಾರೆ, ಅಷ್ಟೆ. ತಾತ್ಸಾರದಿಂದ ಲಿಂಗ ತೊರೆಯುವುದು ಬೇರೆ. ಲಿಂಗಪೂಜೆಗೆ ಬೇಕಾದ ಈ ದೇಹವನ್ನು ಉಳಿಸಿಕೊಳ್ಳಲು ಕೆಲವು ನಿಮಿಷ ಲಿಂಗಧಾರಿಯಾದ ಮನೆಯವರ ಕೈಗೆ ಒಪ್ಪಿಸುವುದು ಬೇರೆ. ಮಡಿವಸ್ತ್ರದಲ್ಲಿ ಸುತ್ತಿ ಕೊಡಿರಿ, ಮನದಲ್ಲೇ ಪಂಚಾಕ್ಷರಿ ಜಪಿಸುತ್ತ ಮಲಗಿರಿ, ಎದ್ದ ಕೂಡಲೇ ಧರಿಸಿರಿ. ಇದರಲ್ಲಿ ವ್ರತಭಂಗವಿಲ್ಲ. ಕಿರಣ ಬಿದ್ದ ಚರ್ಮ ಉರಿಯುತ್ತದೆ, ವೈದ್ಯರನ್ನು ಕೇಳದೆ ಅಲ್ಲಿ ವಿಭೂತಿ ಬೇಡ. ಗಂಟಲು ನೋಯುವ ದಿನಗಳಲ್ಲಿ ಸೋಮವಾರದ ಉಪವಾಸವೂ ಬೇಡ. ತೂಕ ಇಳಿದರೆ ಚಿಕಿತ್ಸೆ ತಾಳಿಕೊಳ್ಳುವುದು ಕಷ್ಟ.

ಮಾತಿನ ನಡುವೆ ಇನ್ನೊಂದು ಹೊರಬಿತ್ತು. ಊರ ಕಟ್ಟೆಯ ಮೇಲೆ ಯಾರೋ “ಹಿಂದಿನ ಜನ್ಮದ ಕರ್ಮ” ಎಂದಿದ್ದರಂತೆ. ಅಂದಿನಿಂದ ಅವರಿಗೆ ನಿದ್ದೆಯಿಲ್ಲ. ನೊಂದವನ ಎದುರು ಕರ್ಮಸಿದ್ಧಾಂತ ಬಿಚ್ಚುವ ಅಧಿಕಾರವನ್ನು ಇವರಿಗೆ ಕೊಟ್ಟವರಾರು? ಬಾಯಿಯ ಕ್ಯಾನ್ಸರಿಗೆ ತಂಬಾಕು ದೊಡ್ಡ ಕಾರಣ, ಅಡಿಕೆಯೂ ನಿರ್ದೋಷಿಯಲ್ಲ. (ಎಲೆಯಡಿಕೆಯ ತಟ್ಟೆ ಮಠದ ಪಡಸಾಲೆಯಲ್ಲೂ ಇತ್ತು, ಈಗ ತೆಗೆಸಿದ್ದೇವೆ.) ಇವೆರಡನ್ನೂ ಮುಟ್ಟದವರಿಗೂ ಈ ರೋಗ ಬರುವುದುಂಟು. ಇದು ಅಂಟುರೋಗವಲ್ಲ. ಆದರೂ ಮನೆಯಲ್ಲಿ ಅವರ ಗಂಗಾಳ ಬೇರೆ ಇಟ್ಟಿದ್ದಾರೆಂದು ಕೇಳಿ ನಮಗೆ ಬಹಳ ನೋವಾಯಿತು. ಮಧ್ಯಾಹ್ನದ ಪಂಕ್ತಿಯಲ್ಲಿ ಅವರನ್ನು ನಮ್ಮ ಎದುರಿಗೇ ಕೂಡಿಸಿ, ಮೆತ್ತಗಿನ ಹಾಲನ್ನ ಎಡೆ ಮಾಡಿಸಿದೆವು. ಮಗನೂ ಪಕ್ಕದಲ್ಲೇ ಕುಳಿತು ಪ್ರಸಾದ ಸ್ವೀಕರಿಸಿದ.

ಆಸ್ಪತ್ರೆಯಲ್ಲಿ ಲಿಂಗ ಹಿಡಿದು ಹೊರಗೆ ನಿಲ್ಲಬೇಕಾದವನು ಅವನೇ. ಅವನ ಕೊರಳು ಬರಿದಾಗಿತ್ತು. ಕೇಳಿದರೆ ತಲೆ ತಗ್ಗಿಸಿದ. ಅಂದೇ ಲಿಂಗಧಾರಣೆ ಮಾಡಿಸಿ ಕಳಿಸಿಕೊಟ್ಟೆವು.