ಹತ್ತು ಬೈಟಿಗೆ ಹಿಡಿಸದ ಕಲಬುರಗಿ

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬರುವ ಹುಡುಗನೊಬ್ಬ 'ಸಿ' ಭಾಷೆಯಲ್ಲಿ ಅಂಕಪಟ್ಟಿಯ ಪ್ರೋಗ್ರಾಂ ಬರೆದನೆನ್ನಿ. ಊರಿನ ಹೆಸರಿಗೆ 10 ಬೈಟು ಜಾಗ ತೆಗೆದಿಟ್ಟಿದ್ದಾನೆ. ಇಂಗ್ಲಿಷ್ ಲಿಪಿಯಲ್ಲಿ ಕಮಲಾಪುರಕ್ಕೆ 9 ಅಕ್ಷರ, ಕಲಬುರಗಿಗೆ 10. ಎರಡೂ ಹಿಡಿಸಬೇಕಲ್ಲವೆ? ಕಮಲಾಪುರ ಹಿಡಿಸುತ್ತದೆ, ಕಲಬುರಗಿ ಹಿಡಿಸುವುದಿಲ್ಲ!

ಪದ ಮುಗಿಯಿತೆಂದು ತಿಳಿಸಲು 'ಸಿ'ಯಲ್ಲಿ ಪ್ರತಿ ಪದದ ಕೊನೆಗೂ ಸೊನ್ನೆ ಬೆಲೆಯ ಒಂದು ಬೈಟು ಇರಲೇಬೇಕು. ಹಾಗಾಗಿ ಕಲಬುರಗಿಗೆ ಬೇಕಾದದ್ದು 11. ಗುಲ್ಬರ್ಗಾ ಎಂದಿದ್ದಾಗ 9 ಸಾಕಿತ್ತು. 2014ರ ನವೆಂಬರ್ 1ರಂದು ಹೆಸರು ಬದಲಾದ ಮೇಲೆ ಹತ್ತರ ಲೆಕ್ಕ ಸಾಲದು. ನಕಲು ಮಾಡುವ 'ಸ್ಟ್ರ್‌ಕಾಪಿ' ಜಾಗ ಎಷ್ಟಿದೆಯೆಂದು ವಿಚಾರಿಸುವುದಿಲ್ಲ. ಹನ್ನೊಂದನೆಯ ಬೈಟು ಪಕ್ಕದ ಜಾಗಕ್ಕೆ ನುಗ್ಗುತ್ತದೆ.

ಆ ಪಕ್ಕದ ಜಾಗ ಖಾಲಿಯಿದ್ದರೆ ಏನೂ ಆಗದು. ಅಲ್ಲಿ ಅಂಕವಿದ್ದರೆ ಅಂಕ ಕೆಡಬಹುದು. ಮನೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿದ್ದು ಪ್ರಾಯೋಗಿಕ ಪರೀಕ್ಷೆಯ ದಿನ ಕೈಕೊಡಬಹುದು. "ನಿನ್ನೆ ಮನ್ಯಾಗ ಛಲೋ ನಡೀತಿತ್ತಲ್ಲೊ, ಇವತ್ತೇನಾತು?" ಎಂದು ತಂದೆ ಕೇಳಿದರೆ ಹುಡುಗ ತಬ್ಬಿಬ್ಬು. ಅವನು ಸುಳ್ಳು ಹೇಳುತ್ತಿಲ್ಲವೆಂಬುದನ್ನು ಪಾಲಕರು ನಂಬಬೇಕು.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 1988ರ ನವೆಂಬರಿನಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಕಾಡಿದ 'ಮಾರಿಸ್ ವರ್ಮ್' ಹರಡಿದ ದಾರಿಗಳಲ್ಲಿ ಒಂದು ಇದೇ. 512 ಬೈಟಿನ ಜಾಗಕ್ಕೆ ಅಳತೆ ನೋಡದೆ ತುಂಬುತ್ತಿದ್ದ 'ಗೆಟ್ಸ್' ಅದಕ್ಕೆ ಬಾಗಿಲು ತೆರೆದಿತ್ತು. ಆ 'ಗೆಟ್ಸ್' ಅನ್ನು 'ಸಿ'ಯ ಪ್ರಮಾಣಗ್ರಂಥದಿಂದ ಕೈಬಿಟ್ಟದ್ದು 2011ರಲ್ಲಿ!

ಪ್ರೋಗ್ರಾಂ ನಿಂತ ಸಾಲಿನಲ್ಲೇ ತಪ್ಪು ಹುಡುಕುತ್ತ ಕೂತರೆ ರಾತ್ರಿ ಕಳೆದೀತು. ತಪ್ಪು ಎಷ್ಟೋ ಸಾಲು ಹಿಂದೆ ನಡೆದಿರುತ್ತದೆ. ಜಿಸಿಸಿ ಕಂಪೈಲರಿನಲ್ಲಿ 'ಅಡ್ರೆಸ್ ಸ್ಯಾನಿಟೈಜರ್' ಎಂಬ ಆಯ್ಕೆಯಿದೆ. ಡಿಬಗ್ ಮಾಹಿತಿಯೊಡನೆ ಅದನ್ನು ಸೇರಿಸಿ ಕಂಪೈಲ್ ಮಾಡಿ ಓಡಿಸಿದರೆ, ಗಡಿ ದಾಟಿದ ಕ್ಷಣವೇ ಪ್ರೋಗ್ರಾಂ ನಿಂತು ಸಾಲಿನ ಸಂಖ್ಯೆ ಹೇಳುತ್ತದೆ. 'ಮ್ಯಾಲಕ್'ನಿಂದ ಪಡೆದ ಜಾಗದ ತಪ್ಪುಗಳಿಗೆ 'ವ್ಯಾಲ್‌ಗ್ರೈಂಡ್' ಕೂಡ ಒಳ್ಳೆಯದೇ. ಅಲ್ಲಿ ಹೆಚ್ಚಿನವರು ಮರೆಯುವುದು ಒಂದನ್ನು ಕೂಡಿಸಲು: 'ಸ್ಟ್ರ್‌ಲೆನ್' ಕೊನೆಯ ಸೊನ್ನೆಯನ್ನು ಎಣಿಸುವುದಿಲ್ಲ.

ಹತ್ತನ್ನು ಇಪ್ಪತ್ತು ಮಾಡಿದರಾಯಿತು ಎನ್ನುವ ಜಾಣರೂ ಇದ್ದಾರೆ. ಅವರು ಊರಿನ ಹೆಸರನ್ನು ಕನ್ನಡದಲ್ಲೇ ಕೊಟ್ಟು ನೋಡಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ 3 ಬೈಟು, ಕೊಂಬು ಗುಡಿಸುಗಳಿಗೂ ಬೇರೆ 3. ಕಣ್ಣಿಗೆ ಐದೇ ಅಕ್ಷರವಾಗಿ ಕಾಣುವ ಕಲಬುರಗಿಗೆ 21, ಸೊನ್ನೆ ಸೇರಿ 22. ಈ ಸಲ ಕಮಲಾಪುರಕ್ಕೂ ಅಷ್ಟೇ.