ಕಾರ್ಯನಿರ್ವಹಣೆಯ ಆ್ಯಪ್‌ಗಳ ಆಯ್ಕೆ: ಸಣ್ಣ ಉದ್ದಿಮೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ವ್ಯಾಪಾರವಾಗಲಿ, ಉತ್ಪಾದನೆಯಾಗಲಿ, ಕೊಟ್ಟ ಮಾತನ್ನು ಹೇಳಿದ ದಿನಕ್ಕೆ ನಡೆಸಿಕೊಡುವುದರ ಮೇಲೆಯೇ ನಿಂತಿದೆ. ಹಿಂದೆ ಈ ಮಾತುಗಳೆಲ್ಲ ಮಾಲೀಕರ ತಲೆಯಲ್ಲಿಯೋ, ಮೇಜಿನ ಮೇಲಿನ ದಿನಚರಿ ಪುಸ್ತಕದಲ್ಲಿಯೋ ಇರುತ್ತಿದ್ದವು. ಇಂದು ಅವು ಹತ್ತಾರು ಮೊಬೈಲ್ ಫೋನುಗಳಲ್ಲಿ ಚದುರಿಹೋಗಿವೆ. ಗ್ರಾಹಕರ ಬದಲಾದ ನಕ್ಷೆ ಒಬ್ಬರ ಫೋನಿನಲ್ಲಿ, ಸಾಗಣೆಯ ದಿನಾಂಕ ಮತ್ತೊಬ್ಬರ ಫೋನಿನಲ್ಲಿ, ಬಾಕಿ ಹಣದ ಭರವಸೆ ಮೂರನೆಯವರ ಫೋನಿನಲ್ಲಿ. ಈ ಚದುರುವಿಕೆಗೆ ಪರಿಹಾರವೆಂದು ಕಾರ್ಯನಿರ್ವಹಣೆಯ ಆ್ಯಪ್‌ಗಳು ಮಾರುಕಟ್ಟೆಯಲ್ಲಿ ಹೇರಳವಾಗಿ ದೊರೆಯುತ್ತಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸುವ ಅಗತ್ಯವಾದರೂ ಇದೆಯೇ ಎಂಬುದು ಸಣ್ಣ ಉದ್ದಿಮೆದಾರರು ಗಂಭೀರವಾಗಿ ಯೋಚಿಸಬೇಕಾದ ವಿಷಯ.

ಬೆಂಗಳೂರಿನ ಹೊರವಲಯವನ್ನು ನೋಡಿದರೆ ಈ ವಿಷಯದಲ್ಲಿ ಒಂದು ವೈಚಿತ್ರ್ಯ ಕಂಡುಬರುತ್ತದೆ. ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗ ಅವರ ಕಲ್ಪನೆಯಂತೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಪೀಣ್ಯದ ಕೈಗಾರಿಕೆಗಳ ಸಂಘವೂ ಅದೇ ದಶಕದಲ್ಲಿ, 1978ರಲ್ಲಿ, ಸ್ಥಾಪನೆಯಾಯಿತು. ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಕಚೇರಿಗಳಲ್ಲಿ ಇಂದು ಪ್ರತಿಯೊಂದು ಕೆಲಸವೂ ಪರದೆಯ ಮೇಲಿನ ಚೀಟಿಯಾಗಿ ಎಡದಿಂದ ಬಲಕ್ಕೆ ಸರಿಯುತ್ತದೆ. ಪೀಣ್ಯದ ಯಂತ್ರಶಾಲೆಗಳಲ್ಲಿ ಕೆಲಸದ ಸ್ಥಿತಿಗತಿ ಮೇಲ್ವಿಚಾರಕರನ್ನು ಕೂಗಿ ಕೇಳಿದರೆ ಮಾತ್ರ ತಿಳಿಯುವಂಥದ್ದು.

ಆದರೆ ಆ ಚೀಟಿಯ ಮೂಲ ಕಚೇರಿಯಲ್ಲ, ಕಾರ್ಖಾನೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಅವರು ರೂಪಿಸಿದ ಕಾನ್‌ಬಾನ್ ಪದ್ಧತಿಯಲ್ಲಿ ಒಂದು ಕಾರ್ಡು ಬಂದ ಮೇಲೆಯೇ ಹಿಂದಿನ ಹಂತದವರು ಮುಂದಿನ ಹಂತಕ್ಕೆ ಬೇಕಾದಷ್ಟನ್ನು ತಯಾರಿಸುತ್ತಿದ್ದರು. 2011ರಲ್ಲಿ ಬಂದ ಟ್ರೆಲೊ ಮೊದಲಾದ ಆ್ಯಪ್‌ಗಳು ಅದೇ ಕಾರ್ಡನ್ನು ಪರದೆಗೆ ತಂದವು. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ವಾಹನೋದ್ಯಮಕ್ಕೆ ಬಿಡಿಭಾಗ ಒದಗಿಸುವವರಿಗೂ ಈ ಪದ ಹೊಸದಾಗಿ ಉಳಿಯಲಿಲ್ಲ. ಆದ್ದರಿಂದ ಇಂತಹ ಆ್ಯಪ್‌ಗಳು ಸಾಫ್ಟ್‌ವೇರ್ ಕಂಪನಿಗಳಿಗೆ ಮಾತ್ರ ಎಂಬ ಭಾವನೆ ಸರಿಯಲ್ಲ.

ವಾಟ್ಸ್‌ಆ್ಯಪ್ ಸಾಕಲ್ಲವೇ?

ಬಹುತೇಕ ಸಣ್ಣ ಉದ್ದಿಮೆಗಳಲ್ಲಿ ಈಗ ಕಾರ್ಯನಿರ್ವಹಣೆಯ ಆ್ಯಪ್ ಎಂದರೆ ವಾಟ್ಸ್‌ಆ್ಯಪ್ ಗುಂಪು. ಅದಕ್ಕೆ ಶುಲ್ಕವಿಲ್ಲ, ಎಲ್ಲರಿಗೂ ಬಳಸಲು ಗೊತ್ತು, ಧ್ವನಿ ಸಂದೇಶ ಕಳುಹಿಸಲು ಓದುಬರಹವೂ ಬೇಕಿಲ್ಲ. ಈ ಅನುಕೂಲಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂದೇಶಕ್ಕೂ ಕೆಲಸಕ್ಕೂ ವ್ಯತ್ಯಾಸವಿದೆ. ಕೆಲಸವೊಂದಕ್ಕೆ ಮೂರು ಲಕ್ಷಣಗಳಿರಬೇಕು: ಮಾಡುವವರ ಹೆಸರು, ಮುಗಿಯಬೇಕಾದ ದಿನ, ಮುಗಿದಿದೆಯೋ ಇಲ್ಲವೋ ಎಂಬ ಗುರುತು. ಸಂದೇಶಕ್ಕೆ ಇವು ಮೂರೂ ಇರುವುದಿಲ್ಲ. ಹೊಸ ಸಂದೇಶ ಬಂದಂತೆಲ್ಲ ಹಳೆಯದು ಮೇಲೆ ಸರಿದು ಕಣ್ಮರೆಯಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹದಿನೆಂಟು ಕೆಲಸಗಾರರಿರುವ ಯಂತ್ರಶಾಲೆಯೊಂದಕ್ಕೆ ಗ್ರಾಹಕರು ರಾತ್ರಿ ಒಂಬತ್ತು ಗಂಟೆಗೆ ಪರಿಷ್ಕೃತ ನಕ್ಷೆ ಕಳುಹಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಶುಭೋದಯದ ಚಿತ್ರಗಳು, ರಜೆಯ ಕೋರಿಕೆಗಳು, ವಿದ್ಯುತ್ ನಿಲುಗಡೆಯ ಸುದ್ದಿ ಬಂದು ಕುಳಿತಿರುತ್ತವೆ. ನಕ್ಷೆಯನ್ನು ಎಲ್ಲರೂ ನೋಡಿದ್ದಾರೆ. ಯಂತ್ರದ ಬಳಿ ಅಂಟಿಸಿದ್ದ ಹಳೆಯ ನಕ್ಷೆಯನ್ನು ತೆಗೆಯುವುದು ತಮ್ಮ ಹೊಣೆ ಎಂದು ಯಾರೂ ಭಾವಿಸಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನ್ನೂರು ಬಿಡಿಭಾಗಗಳು ತಪ್ಪು ಅಳತೆಯಲ್ಲಿ ಸಿದ್ಧವಾಗಿರುತ್ತವೆ. ಇಲ್ಲಿ ಆಗುವ ನಷ್ಟ ಉಕ್ಕಿನದ್ದು ಮಾತ್ರವಲ್ಲ. ಮುಂದಿನ ಆದೇಶವೂ ಅದರ ಜೊತೆಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗ್ರಾಹಕರೊಂದಿಗಿನ ವ್ಯವಹಾರವೆಲ್ಲ ಮೇಲ್ವಿಚಾರಕರ ಸ್ವಂತ ಸಂಖ್ಯೆಯಲ್ಲಿ ನಡೆದಿದ್ದರೆ, ಅವರು ಕೆಲಸ ಬಿಟ್ಟ ದಿನ ಸಂಸ್ಥೆಯ ನೆನಪೂ ಅವರೊಂದಿಗೆ ಹೊರಟುಹೋಗುತ್ತದೆ. ಲೆಕ್ಕಪುಸ್ತಕವನ್ನು ನೌಕರರ ಮನೆಯಲ್ಲಿ ಇಡಲು ಒಪ್ಪದ ಮಾಲೀಕರು, ಗ್ರಾಹಕರಿಗೆ ಕೊಟ್ಟ ಮಾತುಗಳ ಪುಸ್ತಕವನ್ನು ಅವರ ಜೇಬಿನಲ್ಲಿ ಇಡಲು ಒಪ್ಪಿದಂತಾಗಿದೆ.

ಮರೆವಿಗೆ ತೆರುವ ಬೆಲೆ

ಕೆಲವು ಮರೆವುಗಳಿಗೆ ಕಾನೂನೇ ಬೆಲೆ ಕಟ್ಟಿದೆ. ಪೀಣ್ಯದಂತಹ ಪ್ರದೇಶದ ಜೀವನಾಡಿ ಜಾಬ್ ವರ್ಕ್. ಒಂದು ಘಟಕದಲ್ಲಿ ತಿರುವಿದ ಭಾಗ ಶಾಖ ಸಂಸ್ಕರಣೆಗೆ ಮತ್ತೊಂದಕ್ಕೆ, ಲೇಪನಕ್ಕೆ ಇನ್ನೊಂದಕ್ಕೆ ಹೋಗುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನ ಪ್ರಕಾರ ಹೀಗೆ ತೆರಿಗೆಯಿಲ್ಲದೆ ಚಲನ್ ಮೇಲೆ ಕಳುಹಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ನಿಯಮಾನುಸಾರ ಸರಬರಾಜಾಗಬೇಕು. ಅವಧಿ ವಿಸ್ತರಣೆ ಪಡೆಯದೆ ಗಡುವು ಮೀರಿದರೆ, ಕಳುಹಿಸಿದ ದಿನವೇ ಮಾರಾಟವಾಯಿತೆಂದು ಭಾವಿಸಿ ತೆರಿಗೆ ಮತ್ತು ಬಡ್ಡಿ ಬೀಳುತ್ತದೆ. ಯಾವ ಚಲನ್ ಎಲ್ಲಿ ಉಳಿದಿದೆ ಎಂದು ಹನ್ನೊಂದನೆಯ ತಿಂಗಳಲ್ಲಿ ಯಾರು ನೆನಪಿಸಬೇಕು?

ಪಾವತಿಗಳ ವಿಷಯವೂ ಹಾಗೆಯೇ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ, ಸೇವಾದಾರರಿಗೆ ಲಿಖಿತ ಕರಾರಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ ಸೇರಿಸಿದ ನಿಯಮ 2024-25ರ ತೆರಿಗೆ ನಿರ್ಧರಣಾ ವರ್ಷದಿಂದ ಜಾರಿಗೆ ಬಂದ ಮೇಲೆ, ಹೀಗೆ ತಡವಾದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದು. ಸರಬರಾಜುದಾರರಿಗೆ 180 ದಿನಗಳೊಳಗೆ ಹಣ ಕೊಡದಿದ್ದರೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕೆಂಬ ಜಿಎಸ್‌ಟಿ ನಿಯಮ ಬೇರೆಯೇ ಇದೆ. ಪ್ರತಿ ತಿಂಗಳ 7ರಂದು ಮೂಲದಲ್ಲಿ ಕಡಿತವಾದ ತೆರಿಗೆ, 15ರಂದು ಭವಿಷ್ಯ ನಿಧಿ ಮತ್ತು ಇಎಸ್‌ಐ, ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 11 ಮತ್ತು 20ರ ಜಿಎಸ್‌ಟಿ ಗಡುವುಗಳು. ಇವುಗಳಲ್ಲಿ ಯಾವುದೂ ಕಠಿಣವಾದ ಕೆಲಸವಲ್ಲ. ಮರೆತರೆ ಮಾತ್ರ ದುಬಾರಿ.

ಆದ್ದರಿಂದ ಆ್ಯಪ್ ಕೊಳ್ಳುವ ಮೊದಲು ಒಂದು ಸಂಜೆ ಕುಳಿತು, ಕಳೆದ ವರ್ಷ ಮರೆವಿನಿಂದ ಆದ ನಷ್ಟಗಳನ್ನು ಒಂದು ಹಾಳೆಯಲ್ಲಿ ಬರೆಯುವುದು ಒಳ್ಳೆಯದು: ತಡವಾದ ಸಾಗಣೆ, ತಿರಸ್ಕೃತ ಮಾಲು, ಬಡ್ಡಿ, ದಂಡ, ಕಳೆದುಕೊಂಡ ಗ್ರಾಹಕರು. ಸಂಸ್ಥೆಗೆ ಯಾವ ಆ್ಯಪ್ ಬೇಕೆಂಬುದನ್ನು ಆ ಹಾಳೆ ಹೇಳುತ್ತದೆ. ಹಾಳೆ ಬಹುಪಾಲು ಖಾಲಿ ಉಳಿದರೆ ಆ್ಯಪ್ ಬೇಡವೆಂದೇ ಅರ್ಥ.

ಆಯ್ಕೆಯ ಮಾನದಂಡಗಳು

ಮೊದಲನೆಯದು, ಒಡೆತನ. ಆ್ಯಪ್‌ನ ಮುಖ್ಯ ಖಾತೆ ಸಂಸ್ಥೆಯ ಇಮೇಲ್ ವಿಳಾಸದಲ್ಲಿರಬೇಕೇ ಹೊರತು ಉತ್ಸಾಹಿ ತರುಣ ನೌಕರರೊಬ್ಬರ ಸ್ವಂತ ವಿಳಾಸದಲ್ಲಲ್ಲ. ನೌಕರರು ಬಿಟ್ಟುಹೋದರೆ ಅವರ ಪ್ರವೇಶವನ್ನು ಅದೇ ದಿನ ರದ್ದುಪಡಿಸಲು ಸಾಧ್ಯವಿರಬೇಕು. ಅವರ ಹೆಸರಿನಲ್ಲಿದ್ದ ಕೆಲಸಗಳು ಉಳಿಯಬೇಕು.

ಎರಡನೆಯದು, ನಿರ್ಗಮನದ ದಾರಿ. ಆ್ಯಪ್‌ಗಳಿಗೂ ಆಯಸ್ಸಿದೆ. ಬರ್ಲಿನ್‌ನ ವಂಡರ್‌ಲಿಸ್ಟ್ ಬಹಳ ಜನಪ್ರಿಯವಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2020ರ ಮೇ ತಿಂಗಳಲ್ಲಿ ಅದು ಮುಚ್ಚಿತು. ಟಿಪ್ಪಣಿಗಳಿಗೆ ಹೆಸರಾದ ಎವರ್‌ನೋಟ್, ಮಾಲೀಕತ್ವ ಬದಲಾದ ಮೇಲೆ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆಯನ್ನು 50 ಟಿಪ್ಪಣಿಗಳಿಗೆ ಸೀಮಿತಗೊಳಿಸಿತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ 2020ರಲ್ಲಿ ಕನ್ನಡದಿಂದ ಆರಂಭವಾದ ಸಾಮಾಜಿಕ ಮಾಧ್ಯಮ ಕೂ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಆದ್ದರಿಂದ ಸಂಗ್ರಹವಾದ ಮಾಹಿತಿಯನ್ನೆಲ್ಲ ಎಕ್ಸೆಲ್ ಹಾಳೆಯಾಗಿ ಹೊರತೆಗೆಯುವ ಸೌಲಭ್ಯವಿಲ್ಲದ ಆ್ಯಪ್ ಎಷ್ಟೇ ಅಂದವಾಗಿದ್ದರೂ ಬೇಡ. ಇರುವ ಸೌಲಭ್ಯವನ್ನು ಮೊದಲ ವಾರದಲ್ಲಿಯೇ ಒಮ್ಮೆ ಪರೀಕ್ಷಿಸಿ ನೋಡಬೇಕು.

ಮೂರನೆಯದು, ಕೆಲಸಗಾರರು. ಪೀಣ್ಯ, ಬೊಮ್ಮಸಂದ್ರಗಳ ಶೆಡ್ಡುಗಳಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ, ಒಡಿಯಾ ಮಾತನಾಡುವವರು ಜೊತೆಯಾಗಿ ದುಡಿಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ದೊರೆಯುವ, ಹತ್ತು ಗುಂಡಿಗಳನ್ನು ಒತ್ತಬೇಕಾದ ಆ್ಯಪ್ ಅಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ಖಾತಾಬುಕ್, ಓಕೆಕ್ರೆಡಿಟ್‌ನಂತಹ ಸಾಲದ ಲೆಕ್ಕದ ಆ್ಯಪ್‌ಗಳು ಕಿರಾಣಿ ಅಂಗಡಿಗಳನ್ನು ತಲುಪಲು ಭಾರತೀಯ ಭಾಷೆಗಳಲ್ಲಿ ಲಭ್ಯವಿದ್ದುದು ಮತ್ತು ಮಾಡುವ ಕೆಲಸ ಒಂದೇ ಆಗಿದ್ದುದು ಬಹಳ ನೆರವಾಯಿತು. ತಗಡಿನ ಛಾವಣಿಯ ಕೆಳಗೆ ನೆಟ್‌ವರ್ಕ್ ದುರ್ಬಲವಾಗಿರುವಲ್ಲಿ, ಸಂಪರ್ಕವಿಲ್ಲದಾಗಲೂ ಬರೆದಿಟ್ಟುಕೊಂಡು ನಂತರ ರವಾನಿಸುವ ಗುಣವೂ ಅಗತ್ಯ.

ನಾಲ್ಕನೆಯದು, ವೆಚ್ಚ. ಇವುಗಳ ಶುಲ್ಕ ಸಾಮಾನ್ಯವಾಗಿ ತಲೆಗೆ ತಿಂಗಳಿಗೆ ಇಷ್ಟು ಎಂದಿರುತ್ತದೆ. ತಲೆಗೆ 300 ರೂಪಾಯಿ ಅಲ್ಪವೆನಿಸಬಹುದು. ಇಪ್ಪತ್ತು ಮಂದಿಗೆ ವರ್ಷಕ್ಕೆ ಅದು 72,000 ರೂಪಾಯಿ. ಆದರೆ ಇಪ್ಪತ್ತು ಮಂದಿಗೂ ಆ್ಯಪ್ ಬೇಕಿಲ್ಲ. ಮಾಲೀಕರು, ಮೇಲ್ವಿಚಾರಕರು, ಉಗ್ರಾಣ, ಸಾಗಣೆ ಮತ್ತು ಲೆಕ್ಕಪತ್ರ ನೋಡುವವರು ಎಂದು ಐದಾರು ಮಂದಿ ಬಳಸಿದರೆ ಸಾಕಾಗುತ್ತದೆ. ವಿದೇಶಿ ಸಂಸ್ಥೆಯಿಂದ ಡಾಲರ್‌ನಲ್ಲಿ ಕೊಂಡರೆ ಅದು ಸೇವೆಯ ಆಮದು; ಜಿಎಸ್‌ಟಿ ನೋಂದಣಿ ಇರುವವರು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾವೇ ತೆರಿಗೆ ಕಟ್ಟಿ, ಅರ್ಹತೆಯಿದ್ದಲ್ಲಿ ಜಮೆ ಪಡೆಯಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಸದ್ದಿಲ್ಲದೆ ಕಡಿತವಾಗುವ ಇಂತಹ ಶುಲ್ಕಗಳು ಲೆಕ್ಕ ಪರಿಶೋಧನೆಯ ಹೊತ್ತಿಗೆ ಮಾತ್ರ ಬೆಳಕಿಗೆ ಬರುವುದು ಅಪರೂಪವಲ್ಲ.

ಐದನೆಯದು, ಮಿತಿ. ಕೆಲಸದ ಪಟ್ಟಿ ಲೆಕ್ಕಪುಸ್ತಕವಲ್ಲ. ಕಂಪನಿಗಳು 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸುವ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರಪಟ್ಟಿಯ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಬಿಲ್ಲು, ಚಲನ್, ಪಾವತಿಗಳು ಲೆಕ್ಕಪತ್ರ ತಂತ್ರಾಂಶದಲ್ಲಿಯೇ ಇರಲಿ. ಆ್ಯಪ್‌ನಲ್ಲಿ ಅವುಗಳ ಸಂಖ್ಯೆ ಮತ್ತು ಗಡುವು ಇದ್ದರೆ ಸಾಕು.

ಹಳಬರ ಆಕ್ಷೇಪ

ಮೂವತ್ತು ವರ್ಷ ದಿನಚರಿ ಪುಸ್ತಕದಲ್ಲಿಯೇ ಕಾರ್ಖಾನೆ ನಡೆಸಿದವರು ಇದೆಲ್ಲ ಏಕೆ ಎಂದು ಕೇಳುವುದು ಸಹಜ. ಅವರ ಮಾತಿನಲ್ಲಿ ಹುರುಳಿದೆ. ದಿನಚರಿಗೆ ವಿದ್ಯುತ್ ಬೇಡ, ಶುಲ್ಕವಿಲ್ಲ, ಬರೆದ ಕೈಗೆ ನೆನಪೂ ಉಳಿಯುತ್ತದೆ. ನಾಲ್ಕೈದು ಮಂದಿ ಒಂದೇ ಸೂರಿನಡಿ ದುಡಿಯುವ ಘಟಕಕ್ಕೆ ಗೋಡೆಯ ಮೇಲೊಂದು ಬಿಳಿ ಹಲಗೆ, ಅದರಲ್ಲಿ ಬಾಕಿ, ನಡೆಯುತ್ತಿದೆ, ಮುಗಿದಿದೆ ಎಂಬ ಮೂರು ಅಂಕಣಗಳು ಯಾವ ಆ್ಯಪ್‌ಗೂ ಕಡಿಮೆಯಲ್ಲ. ಆದರೆ ದಿನಚರಿಯನ್ನು ಒಬ್ಬರೇ ಓದಬಲ್ಲರು. ಅವರು ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದರೆ ಆ ಪುಸ್ತಕದ ಸಂಕೇತಗಳನ್ನು ಬಿಡಿಸುವವರು ಯಾರು? ತಂದೆಯಿಂದ ಮಕ್ಕಳಿಗೆ ಉದ್ದಿಮೆ ಹಸ್ತಾಂತರವಾಗುತ್ತಿರುವ ಅನೇಕ ಘಟಕಗಳಲ್ಲಿ ಯಂತ್ರ, ಜಾಗ, ಬ್ಯಾಂಕ್ ಖಾತೆ ಎಲ್ಲವೂ ಸಲೀಸಾಗಿ ಕೈ ಬದಲಾಗುತ್ತವೆ. ಯಾರಿಗೆ ಏನು ಮಾತು ಕೊಡಲಾಗಿದೆ ಎಂಬುದು ಮಾತ್ರ ಬದಲಾಗುವುದಿಲ್ಲ.

ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಕಥೆ ಇಲ್ಲಿ ಸ್ಮರಣೀಯ. ಕಾರ್ಖಾನೆಗಳಿಗೆ ಕಚ್ಚಾವಸ್ತು ಮತ್ತು ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲವಾಗಿ, ಪುತ್ರ ಭರತ್ ಗೋಯೆಂಕಾ ಅದನ್ನು ರೂಪಿಸಿದರು. 1986ರಲ್ಲಿ ಸಂಸ್ಥೆ ಹುಟ್ಟಿತು. ಅಲ್ಲಿ ಅಗತ್ಯ ಮೊದಲು ಬಂದಿತು, ತಂತ್ರಾಂಶ ಅದನ್ನು ಹಿಂಬಾಲಿಸಿತು. ಇಂದಿನ ಆ್ಯಪ್‌ಗಳ ವಿಷಯದಲ್ಲಿ ಈ ಕ್ರಮ ಹಲವೆಡೆ ತಲೆಕೆಳಗಾಗಿದೆ.

ಆರಂಭಿಸುವ ಬಗೆ

ಇಡೀ ಕಾರ್ಖಾನೆಯನ್ನು ಒಂದೇ ದಿನ ಆ್ಯಪ್‌ಗೆ ಏರಿಸಲು ಹೊರಟರೆ ಪ್ರಯತ್ನ ಮೊದಲ ತಿಂಗಳಲ್ಲಿಯೇ ಸೋಲುತ್ತದೆ. ಒಂದು ಹರಿವನ್ನು, ಉದಾಹರಣೆಗೆ ಹೊರಗೆ ಕಳುಹಿಸಿದ ಜಾಬ್ ವರ್ಕ್ ಚಲನ್‌ಗಳನ್ನು ಮಾತ್ರ ಆರಿಸಿ, ಉಚಿತ ಆವೃತ್ತಿಯಲ್ಲಿ ಎರಡು ತಿಂಗಳು ನಡೆಸಿ ನೋಡಬೇಕು. ಗಡುವು ತಪ್ಪಿದ ಚಲನ್‌ಗಳ ಸಂಖ್ಯೆ ಇಳಿದರೆ ಮುಂದುವರಿಯಬಹುದು, ಇಲ್ಲದಿದ್ದರೆ ಸಂಕೋಚವಿಲ್ಲದೆ ಕೈಬಿಡಬಹುದು.

ಎರಡು ಶಿಸ್ತುಗಳು ಮಾಲೀಕರಿಗೇ ಸೇರಿದವು. ಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಫೋನಿನಲ್ಲಿ ಕೂಗಿ ಹೇಳುವ ಅಭ್ಯಾಸವನ್ನು ಮೊದಲು ಬಿಡಬೇಕಾದವರು ಅವರೇ. ನಿಯಮವನ್ನು ಮಾಲೀಕರು ಮುರಿದ ದಿನದಿಂದ ಉಳಿದವರೂ ಮುರಿಯುತ್ತಾರೆ. ಹಾಗೆಯೇ, ಆ್ಯಪ್ ಇದೆಯೆಂದು ರಾತ್ರಿ ಹತ್ತು ಗಂಟೆಗೆ ಕೆಲಸ ಹಂಚುವುದು, ಕ್ಷಣಕ್ಷಣಕ್ಕೂ ಸ್ಥಿತಿ ವಿಚಾರಿಸುವುದು ಸಲ್ಲದು. ಕಾವಲಿನ ಸಾಧನವೆಂದು ಕೆಲಸಗಾರರಿಗೆ ಅನ್ನಿಸಿದರೆ ಅವರು ಮುಗಿಯದ ಕೆಲಸವನ್ನೂ ಮುಗಿದಿದೆ ಎಂದು ಗುರುತಿಸತೊಡಗುತ್ತಾರೆ. ಸುಳ್ಳು ಪಟ್ಟಿಗಿಂತ ಪಟ್ಟಿಯೇ ಇಲ್ಲದಿರುವುದು ಲೇಸು, ಏಕೆಂದರೆ ಅದನ್ನು ನಂಬಿ ಯಾರೂ ಗ್ರಾಹಕರಿಗೆ ಮಾತು ಕೊಡುವುದಿಲ್ಲ.

ಹಣದ ಲೆಕ್ಕವನ್ನು ಬರೆದಿಡದ ವರ್ತಕರು ಇಂದು ವಿರಳ. ಕೊಟ್ಟ ಮಾತಿನ ಲೆಕ್ಕವನ್ನೂ ಅದೇ ಶ್ರದ್ಧೆಯಿಂದ ಬರೆದಿಡುವ ಕಾಲ ಬಂದಿದೆ. ಅದು ಹಲಗೆಯ ಮೇಲಿರಲಿ, ಫೋನಿನಲ್ಲಿರಲಿ, ಎಲ್ಲರಿಗೂ ಕಾಣುವಂತಿರಲಿ ಮತ್ತು ಸಂಸ್ಥೆಯ ಸ್ವತ್ತಾಗಿರಲಿ. ಈ ಎರಡು ಷರತ್ತುಗಳನ್ನು ಪೂರೈಸುವ ಅತ್ಯಂತ ಸರಳ ಸಾಧನವೇ ಸಣ್ಣ ಉದ್ದಿಮೆಗೆ ಯೋಗ್ಯವಾದ ಆಯ್ಕೆ.