ಅಗ್ಗದ ಗಾಲ್ಫ್, ಉತ್ತಮ ವಿನ್ಯಾಸ: ಟೊರಾಂಟೊ ಬಿಟ್ಟುಕೊಡಬಾರದ ಸ್ವತ್ತು

ಕೆನಡಾದ ಟೊರಾಂಟೊಗೆ ಅಂಟಿಕೊಂಡಿರುವ ಮಿಸ್ಸಿಸಾಗಾ ನಗರದ ಡಿಕ್ಸಿ ರಸ್ತೆಯಲ್ಲಿ, ಒಂಟಾರಿಯೊ ಸರೋವರಕ್ಕೆ ಹತ್ತಿರದಲ್ಲಿ, ಎರಡು ಗಾಲ್ಫ್ ಮೈದಾನಗಳಿವೆ. ಒಂದು ಟೊರಾಂಟೊ ಗಾಲ್ಫ್ ಕ್ಲಬ್ಬಿನದು. ಕ್ಲಬ್ ಹುಟ್ಟಿದ್ದು 1876ರಲ್ಲಿ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ ವರ್ಷವೂ ಅದೇ. ಇಂಗ್ಲೆಂಡಿನ ಹೆಸರಾಂತ ವಿನ್ಯಾಸಕ ಹ್ಯಾರಿ ಕೋಲ್ಟ್ ಒಂದು ಶತಮಾನದ ಹಿಂದೆ ರೂಪಿಸಿದ ಆ ಮೈದಾನಕ್ಕೆ ಸದಸ್ಯರು ಮತ್ತು ಅವರ ಅತಿಥಿಗಳಿಗಷ್ಟೇ ಪ್ರವೇಶ. ಇನ್ನೊಂದು ಲೇಕ್‌ವ್ಯೂ. ಅದನ್ನು ನಡೆಸುವುದು ಮಿಸ್ಸಿಸಾಗಾ ನಗರಸಭೆ. ಸಮಯ ಕಾಯ್ದಿರಿಸಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆಡಬಹುದು. ಶಿಫಾರಸು ಬೇಡ, ಸದಸ್ಯತ್ವ ಬೇಡ, ಕುಲಗೋತ್ರ ಕೇಳುವವರಿಲ್ಲ.

ನಗರಸಭೆಯದು ಎಂದಾಕ್ಷಣ ಲೇಕ್‌ವ್ಯೂ ಎರಡನೇ ದರ್ಜೆಯದು ಎಂದುಕೊಳ್ಳಬೇಕಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಕೆನಡಿಯನ್ ಓಪನ್ ಇಲ್ಲಿ ಎರಡು ಬಾರಿ ನಡೆದಿದೆ. 1923ರಲ್ಲಿ ಕ್ಲಾರೆನ್ಸ್ ಹ್ಯಾಕ್ನಿ ಗೆದ್ದರು. 1934ರಲ್ಲಿ ಗೆದ್ದವರು ಟಾಮಿ ಆರ್ಮರ್. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡು, ಆಮೇಲೆ ಯು.ಎಸ್. ಓಪನ್ ಮತ್ತು ಬ್ರಿಟಿಷ್ ಓಪನ್ ಎರಡನ್ನೂ ಗೆದ್ದ ಸ್ಕಾಟ್ಲೆಂಡ್ ಮೂಲದ ಆಟಗಾರ. ಅಂಥವರು ಓಡಾಡಿದ ಹುಲ್ಲಿನ ಮೇಲೆ ಇವತ್ತು ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿದವರು, ನಿವೃತ್ತ ಶಿಕ್ಷಕಿಯರು, ಪಕ್ಕದ ಬ್ರಾಂಪ್ಟನ್ನಿನ ಟ್ರಕ್ ಚಾಲಕರು, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರುಗಳು ಆಡಬಹುದು.

ಗಾಲ್ಫ್ ಎಂದರೆ ಶ್ರೀಮಂತರ ಆಟ, ಅದಕ್ಕೆ ಜನರ ಜಮೀನು ಏಕೆ ಎಂಬ ಪ್ರಶ್ನೆ ಟೊರಾಂಟೊದಲ್ಲಿ ಆಗಾಗ ಏಳುತ್ತದೆ. ಮನೆ ಬಾಡಿಗೆ ಕೈಗೆಟುಕದಷ್ಟು ಏರಿರುವ ಊರಿನಲ್ಲಿ ಆ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಬೇಕಾದ್ದು, ಈ ಚರ್ಚೆಯಲ್ಲಿ ಯಾರೂ ಗಮನಿಸದ ಒಂದು ಸಂಗತಿ: ಸಾರ್ವಜನಿಕ ಮೈದಾನದಲ್ಲಿ ಅಗ್ಗದ ಶುಲ್ಕವೂ ಒಳ್ಳೆಯ ವಿನ್ಯಾಸವೂ ಒಂದನ್ನೊಂದು ಹಿಡಿದು ನಿಂತಿವೆ. ವಿನ್ಯಾಸ ಕೆಟ್ಟರೆ ಶುಲ್ಕ ಏರುತ್ತದೆ.

ಇದು ಹೇಗೆ ಎಂದು ಬಿಡಿಸಿ ನೋಡೋಣ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಂಟೋ ಹತ್ತೋ ನಿಮಿಷಕ್ಕೊಂದರಂತೆ ನಾಲ್ಕು ಜನರ ತಂಡಗಳು ಮೊದಲ ಟೀಯಿಂದ, ಅಂದರೆ ಆಟ ಶುರುವಾಗುವ ಜಾಗದಿಂದ, ಹೊರಡುತ್ತವೆ. ಈ ತಂಡಗಳ ಸಂಖ್ಯೆಯೇ ಮೈದಾನದ ಆದಾಯ. ಏಪ್ರಿಲ್‌ನಲ್ಲಿ ಶುರುವಾಗಿ ನವೆಂಬರ್‌ ಹೊತ್ತಿಗೆ ಮುಗಿದುಹೋಗುವ ಋತುವಿನಲ್ಲಿ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತದೆ. ಮೂರನೇ ಹೋಲ್‌ನಲ್ಲಿ ವಿನ್ಯಾಸಕ ಅಡ್ಡಲಾಗಿ ಒಂದು ಕೆರೆ ಇಟ್ಟ ಎನ್ನಿ. ಪಳಗಿದವರು ಚೆಂಡನ್ನು ಹಾರಿಸಿ ದಾಟಿಸುತ್ತಾರೆ. ಹೊಸಬರು ಒಂದು ಚೆಂಡು ಮುಳುಗಿಸಿ, ಇನ್ನೊಂದನ್ನು ಪೊದೆಗೆ ಹೊಡೆದು, ಅದನ್ನು ಹುಡುಕುತ್ತಾ ನಿಲ್ಲುತ್ತಾರೆ. ಕಳೆದ ಚೆಂಡು ಹುಡುಕಲು 2019ರ ಹೊಸ ನಿಯಮ ಕೊಡುವುದು ಮೂರು ನಿಮಿಷ. ಅಷ್ಟರಲ್ಲಿ ಹಿಂದಿನ ತಂಡ ಬಂದು ಕಾಯುತ್ತಾ ನಿಂತಿರುತ್ತದೆ. ಒಂದು ತಪ್ಪು ಕೆರೆಯಿಂದ ಇಡೀ ದಿನದ ಆಟ ಕುಂಟುತ್ತದೆ. ಆಡುವವರ ಸಂಖ್ಯೆ ಇಳಿಯುತ್ತದೆ. ನಷ್ಟ ತುಂಬಲು ತಲೆಗೆ ಹೆಚ್ಚು ಹಣ ವಸೂಲಾಗುತ್ತದೆ.

ಒಳ್ಳೆಯ ವಿನ್ಯಾಸಕ ಅಲ್ಲಿ ಬೇರೆ ಕೆಲಸ ಮಾಡುತ್ತಾನೆ. ಗ್ರೀನ್‌ನ (ಗುಳಿಯಿರುವ ನುಣುಪು ಹುಲ್ಲಿನ) ಬಲಗಡೆ ಆಳದ ಬಂಕರ್, ಅಂದರೆ ಮರಳು ಗುಂಡಿ, ಇಡುತ್ತಾನೆ, ಮುಂಭಾಗದ ಎಡಗಡೆ ದಾರಿ ತೆರೆದಿಡುತ್ತಾನೆ. ಒಂದು ಹೊಡೆತ ಉಳಿಸಿಕೊಳ್ಳಬೇಕೆನ್ನುವ ಪಳಗಿದ ಆಟಗಾರ ಬಂಕರ್ ಮೇಲಿಂದ ಹಾರಿಸುವ ಸಾಹಸಕ್ಕೆ ಇಳಿಯುತ್ತಾನೆ. ಎಪ್ಪತ್ತು ದಾಟಿದ ಅಜ್ಜಿ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಾ ಎಡಗಡೆಯಿಂದ ಗ್ರೀನ್ ಸೇರುತ್ತಾರೆ. ಇಬ್ಬರಿಗೂ ಒಂದೇ ಹೋಲ್, ಇಬ್ಬರಿಗೂ ಯೋಚಿಸಲು ಕೆಲಸ, ಯಾರಿಗೂ ಅವಮಾನವಿಲ್ಲ, ಹಿಂದಿನವರು ಕಾಯುವುದೂ ಇಲ್ಲ. ಒಂದು ಗ್ರೀನ್‌ನಿಂದ ಮುಂದಿನ ಟೀಗೆ ನಾಲ್ಕು ಹೆಜ್ಜೆ ಇದ್ದರೆ ಕಾರ್ಟ್ ಬಾಡಿಗೆಗೆ ಹಿಡಿಯಬೇಕಿಲ್ಲ, ಆಡುವವನ ಜೇಬಿನಲ್ಲಿ ಅಷ್ಟು ಹಣ ಉಳಿಯುತ್ತದೆ. ಬಂಕರ್‌ಗಳು ಕಡಿಮೆಯಿದ್ದಷ್ಟೂ ಮರಳು ಹರಡುವ, ಕೆರೆಯುವ, ಅಂಚು ಕತ್ತರಿಸುವ ಕೂಲಿ ಇಳಿಯುತ್ತದೆ. ಬೆಂಗಳೂರಿನ ದರ್ಶಿನಿ ಹೋಟೆಲುಗಳ ಯಶಸ್ಸೂ ಇಂಥದೇ: ಅಡುಗೆಮನೆ, ಕೌಂಟರ್, ನಿಂತು ತಿನ್ನುವ ಕಟ್ಟೆ ಎಲ್ಲವನ್ನೂ ಲೆಕ್ಕ ಹಾಕಿ ಜೋಡಿಸಿದ್ದರಿಂದಲೇ ರುಚಿ ಕೆಡದೆ ಬೆಲೆ ಇಳಿಯಿತು.

ಇದೇ ಮಿಸ್ಸಿಸಾಗಾದ ಬ್ರೇಬೆನ್ ಮೈದಾನವನ್ನು ಈ ದೃಷ್ಟಿಯಿಂದ ನೋಡಬೇಕು. ಹಾರ್ಟ್‌ಲ್ಯಾಂಡ್ ಮಾರುಕಟ್ಟೆಗೆ ಹೋಗಿಬರುವ ಕನ್ನಡ ಕುಟುಂಬಗಳು ಅದಿರುವ ಗುಡ್ಡವನ್ನು ನೋಡಿಯೇ ಇರುತ್ತವೆ. ಅದು ಪ್ರಕೃತಿ ಎಬ್ಬಿಸಿದ ಗುಡ್ಡವಲ್ಲ. ಪೀಲ್ ಪ್ರದೇಶದ ಮನೆಗಳ ಕಸ ಸುರಿದು ಬೆಳೆದದ್ದು. ಬ್ರಿಟಾನಿಯಾ ಕಸದ ರಾಶಿಯನ್ನು ಮುಚ್ಚಿ, ಮೇಲೆ ಜೇಡಿಮಣ್ಣಿನ ಹೊದಿಕೆ ಹಾಸಿ, 2005ರಲ್ಲಿ ನಗರಸಭೆ ಅಲ್ಲಿ 18 ಹೋಲ್‌ಗಳ ಮೈದಾನ ತೆರೆಯಿತು. ವಿನ್ಯಾಸ ಟೆಡ್ ಬೇಕರ್ ಅವರದು. ಕಸದ ಮೇಲೆ ಮೈದಾನ ಕಟ್ಟುವುದು ಸುಲಭದ ಕೆಲಸವಲ್ಲ. ಒಳಗಿನ ಕಸ ಕೊಳೆಯುತ್ತಾ ನೆಲ ಅಲ್ಲಲ್ಲಿ ಕುಸಿಯುತ್ತದೆ, ಮೀಥೇನ್ ಅನಿಲ ಹುಟ್ಟುತ್ತಲೇ ಇರುತ್ತದೆ. ಆ ಅನಿಲವನ್ನು ಕೊಳವೆಗಳಲ್ಲಿ ಹಿಡಿದು ವಿದ್ಯುತ್ತಿಗೆ ಬಳಸುವ ವ್ಯವಸ್ಥೆಯೂ ಆಯಿತು. ದೊಡ್ಡ ಮರ ನೆಟ್ಟರೆ ಬೇರುಗಳು ಹೊದಿಕೆಯನ್ನು ಸೀಳುತ್ತವೆ. ಹೀಗಾಗಿ ಬ್ರೇಬೆನ್‌ನಲ್ಲಿ ಮರಗಳ ಸಾಲಿಲ್ಲ. ಗಾಳಿಗೆ ಬಾಗುವ ಎತ್ತರದ ಹುಲ್ಲು, ಏರಿಳಿವ ಬಯಲು. ಸ್ಕಾಟ್ಲೆಂಡಿನ ಕಡಲತೀರದ ಮೈದಾನಗಳ ಮಾದರಿ. ಇರುವ ತೊಡಕನ್ನೇ ಸೊಗಸಾಗಿಸಿದ ಕೆಲಸ ಇದು. ಮೇಲೆ ನಿಂತರೆ ಮಿಸ್ಸಿಸಾಗಾದ ಗೋಪುರಗಳು, ಆಚೆಗೆ ಟೊರಾಂಟೊ ಕಾಣುತ್ತವೆ. ಊರಿನ ಅತ್ಯುತ್ತಮ ನೋಟಗಳಲ್ಲಿ ಒಂದು ಎಂದು ನಾನಂತೂ ಹೇಳುತ್ತೇನೆ. ಪಕ್ಕದಲ್ಲೇ ಮಕ್ಕಳಿಗೆ, ಕಲಿಯುವವರಿಗೆ 9 ಹೋಲ್‌ಗಳ ಚಿಕ್ಕ ಮೈದಾನವಿದೆ. ಸಂಜೆ ಅಪ್ಪ ಮಗಳು ಎರಡೇ ಕ್ಲಬ್ ಹಿಡಿದು ಹೋಗಿ, ಕತ್ತಲಾಗುವ ಮುಂಚೆ ಮುಗಿಸಿ ಮನೆಗೆ ಬಂದು ಊಟ ಮಾಡಬಹುದಾದ ಗಾಲ್ಫ್ ಅದು.

ಟೊರಾಂಟೊ ನಗರಕ್ಕೆ ಬಂದರೆ ಅಲ್ಲಿ ನಗರಾಡಳಿತದ ಐದು ಮೈದಾನಗಳಿವೆ: ಡಾನ್ ವ್ಯಾಲಿ, ಹಂಬರ್ ವ್ಯಾಲಿ, ಸ್ಕಾರ್ಲೆಟ್ ವುಡ್ಸ್, ಟ್ಯಾಮ್ ಒ'ಶಾಂಟರ್, ಡೆಂಟೋನಿಯಾ ಪಾರ್ಕ್. ಎಲ್ಲವೂ ಒಂದೇ ಮಟ್ಟದವಲ್ಲ, ಹಾಗೆಂದು ನಟಿಸುವುದೂ ಬೇಡ. ಡಾನ್ ವ್ಯಾಲಿಯಲ್ಲಿ 401 ಹೆದ್ದಾರಿಯ ಎತ್ತರದ ಸೇತುವೆ ತಲೆಯ ಮೇಲೇ ಹಾದುಹೋಗುತ್ತದೆ. ಕೆಳಗೆ ನದಿ, ಮೇಲೆ ನಿಲ್ಲದ ಲಾರಿಗಳ ಸದ್ದು. ಡೆಂಟೋನಿಯಾದ ಹೋಲ್‌ಗಳೆಲ್ಲ ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಚಿಕ್ಕವು. ಆದರೆ ಅದು ಇರುವ ಜಾಗ ನೋಡಿ. ವಿಕ್ಟೋರಿಯಾ ಪಾರ್ಕ್ ಸಬ್‌ವೇ ನಿಲ್ದಾಣದ ಮಗ್ಗುಲಲ್ಲಿ, ಬಾಂಗ್ಲಾದೇಶ ಮತ್ತಿತರ ದೇಶಗಳಿಂದ ಬಂದ ಹೊಸ ವಲಸಿಗರು ತುಂಬಿರುವ ಕ್ರೆಸೆಂಟ್ ಟೌನ್‌ನ ಅಪಾರ್ಟ್‌ಮೆಂಟ್ ಗೋಪುರಗಳ ಪಕ್ಕ. ಒಂದು ಕಾಲಕ್ಕೆ ಮ್ಯಾಸಿ ಎಂಬ ಸಿರಿವಂತ ಕೈಗಾರಿಕಾ ಕುಟುಂಬದ ತೋಟವಿದ್ದ ಪ್ರದೇಶವದು. ಇವತ್ತು ಕಾರಿಲ್ಲದ ಹುಡುಗನೂ ರೈಲಿನಲ್ಲಿ ಬಂದು ಅಲ್ಲಿ ಗಾಲ್ಫ್ ಆಡಬಹುದು. ಟೊರಾಂಟೊ ಸುತ್ತಲಿನ ಗ್ಲೆನ್ ಅಬ್ಬಿಯಂಥ ದುಬಾರಿ ಮೈದಾನವೂ ಶುಲ್ಕ ಕಟ್ಟಿದವರಿಗೆ ತೆರೆದೇ ಇದೆ. ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಾಸ್ ರೂಪಿಸಿದ ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಒಂದು ಆಟಕ್ಕೆ ಕೊಡುವ ಹಣದಲ್ಲಿ ನಗರಾಡಳಿತದ ಮೈದಾನಗಳಲ್ಲಿ ಹಲವು ಬಾರಿ ಆಡಬಹುದು.

ಈಗ ಜಮೀನಿನ ಪ್ರಶ್ನೆ. ಈ ಐದು ಮೈದಾನಗಳನ್ನು ಮುಂದೇನು ಮಾಡುವುದು ಎಂದು ನಗರಾಡಳಿತ ಕೆಲವು ವರ್ಷಗಳ ಹಿಂದೆ ಪರಿಶೀಲನೆ ನಡೆಸಿತು. ಗಾಲ್ಫ್ ನಿಲ್ಲಿಸಿ ಉದ್ಯಾನ ಮಾಡಿ, ತರಕಾರಿ ಬೆಳೆಯಿರಿ, ಮನೆ ಕಟ್ಟಿ ಎಂಬ ಮಾತುಗಳು ಬಂದವು. 2022ರಲ್ಲಿ ನಗರಸಭೆ ಐದರಲ್ಲೂ ಗಾಲ್ಫ್ ಉಳಿಸಿಕೊಳ್ಳುವ ದಾರಿ ಹಿಡಿಯಿತು. ಅದು ಸರಿಯಾದ ತೀರ್ಮಾನ.

ಮನೆ ಕಟ್ಟಿ ಎನ್ನುವವರು ಈ ಜಾಗದ ಚರಿತ್ರೆಯನ್ನು ಮರೆಯುತ್ತಾರೆ. 1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಚಂಡಮಾರುತ ಟೊರಾಂಟೊಗೆ ಅಪ್ಪಳಿಸಿತು. ಒಂಟಾರಿಯೊದಲ್ಲಿ ಸತ್ತವರು 81 ಜನ. ಹಂಬರ್ ನದಿ ದಂಡೆಯ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ ಮನೆಗಳ ಸಮೇತ ಕೊಚ್ಚಿಹೋದರು. ಅದರ ನಂತರ ನದಿ ಕಣಿವೆಗಳ ಪ್ರವಾಹ ಬಯಲಿನಲ್ಲಿ ಮನೆ ಕಟ್ಟಲು ಬಿಡಬಾರದೆಂಬ ನೀತಿ ಬಂತು. ಸಂರಕ್ಷಣಾ ಪ್ರಾಧಿಕಾರ ಸ್ಥಾಪನೆಯಾಯಿತು. ನಗರದ ಮೈದಾನಗಳ ಬಹುಭಾಗ ಇರುವುದು ಇಂಥ ಕಣಿವೆಗಳಲ್ಲೇ. 2024ರ ಜುಲೈ 16ರ ಮಳೆಗೆ ಡಾನ್ ವ್ಯಾಲಿ ಪಾರ್ಕ್‌ವೇ ಹೆದ್ದಾರಿ ಮುಳುಗಿ ಕಾರುಗಳು ತೇಲಿದ್ದನ್ನು ಟೊರಾಂಟೊದವರು ಮರೆತಿರಲಾರರು. ನೆರೆ ಬಂದಾಗ ಗಾಲ್ಫ್ ಮೈದಾನ ಮುಳುಗಿದರೆ ಎರಡು ದಿನ ಆಟ ನಿಲ್ಲುತ್ತದೆ, ಅಷ್ಟೇ.

ಉದ್ಯಾನ ಬೇಕು ಎನ್ನುವವರ ಮಾತಿನಲ್ಲಿ ಹೆಚ್ಚು ತೂಕವಿದೆ. ಅಗ್ಗದ್ದಾದರೂ ಶುಲ್ಕ ಶುಲ್ಕವೇ. ಕ್ಲಬ್, ಚೆಂಡುಗಳಿಗೂ ಹಣ ಬೇಕು. ಬೇಸಿಗೆಯಲ್ಲಿ ಆ ಹಸಿರು ಆಡುವವರಿಗಷ್ಟೇ ಸಿಗುತ್ತದೆ. ಕೀಟನಾಶಕದ ವಿಷಯವೂ ಇದೆ. 2009ರಲ್ಲಿ ಮನೆಯ ಹುಲ್ಲುಹಾಸಿಗೆ ಅಲಂಕಾರಕ್ಕಾಗಿ ಕೀಟನಾಶಕ ಹಾಕುವುದನ್ನು ಒಂಟಾರಿಯೊ ನಿಷೇಧಿಸಿದಾಗ ಗಾಲ್ಫ್ ಮೈದಾನಗಳಿಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯನ್ನು ಆದಷ್ಟು ಕಡಿಮೆ ಬಳಸುವ ಹೊಣೆ ಜನರ ಹಣದಲ್ಲಿ ನಡೆಯುವ ಮೈದಾನಗಳ ಮೇಲೆ ಉಳಿದವರಿಗಿಂತ ಹೆಚ್ಚು. ಆದರೆ ಆಟವೋ ಉದ್ಯಾನವೋ ಎಂದು ಒಂದನ್ನೇ ಆರಿಸಬೇಕಾಗಿಲ್ಲ. ಗಾಲ್ಫಿನ ತವರಾದ ಸೇಂಟ್ ಆಂಡ್ರ್ಯೂಸ್‌ನ ಹಳೆಯ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಊರ ಜನ ನಾಯಿ, ಮಕ್ಕಳೊಂದಿಗೆ ಫೇರ್‌ವೇ ಮೇಲೆ ಅಡ್ಡಾಡುತ್ತಾರೆ. ಟೊರಾಂಟೊ ಕೂಡ 2020–21ರ ಕೋವಿಡ್ ಚಳಿಗಾಲದಲ್ಲಿ ತನ್ನ ಮೈದಾನಗಳನ್ನು ನಡಿಗೆಗೆ, ಸ್ಕೀಯಿಂಗ್‌ಗೆ ತೆರೆಯಿತು. ಇದನ್ನು ಇನ್ನಷ್ಟು ವಿಸ್ತರಿಸಬೇಕು, ಬೇಸಿಗೆಯಲ್ಲೂ ವಾರಕ್ಕೊಂದು ಸಂಜೆ ಏಕೆ ಆಗಬಾರದು ಎಂದೂ ಕೇಳಬೇಕು. ಇನ್ನು ಜಮೀನಿನ ಲೆಕ್ಕವನ್ನೇ ಕೇಳುವುದಾದರೆ, ಟೊರಾಂಟೊದ ಕೆಲವು ಖಾಸಗಿ ಕ್ಲಬ್ಬುಗಳಿಗೆ ಆಸ್ತಿ ತೆರಿಗೆಯ ಒಂದು ಭಾಗವನ್ನು ಮುಂದೂಡುವ ಹಳೆಯ ಒಪ್ಪಂದಗಳಿವೆ. ಆ ಪ್ರಶ್ನೆಯನ್ನು ಅಲ್ಲಿಂದ ಶುರುಮಾಡುವುದು ನ್ಯಾಯ.

ಕರ್ನಾಟಕದವರಿಗೆ ಇದು ದೂರದ ಮಾತೆನಿಸಬಹುದು. ಆದರೆ ಅದಿತಿ ಅಶೋಕ್ ಅವರನ್ನು ನೆನೆಯಿರಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದು, ಪದಕ ಕೂದಲೆಳೆಯಲ್ಲಿ ತಪ್ಪಿದಾಗ ಇಡೀ ದೇಶ ಗಾಲ್ಫ್ ಎಂದರೇನೆಂದು ಕೇಳಿತು. ಗಾಲ್ಫ್ ಆಡುವವರೇ ಇಲ್ಲದ ಮನೆಯಲ್ಲಿ ಹುಟ್ಟಿದ ಆಕೆ ಐದರ ವಯಸ್ಸಿನಲ್ಲಿ ತಂದೆತಾಯಿಯೊಂದಿಗೆ ತಿಂಡಿಗೆ ಹೋಗುತ್ತಿದ್ದ ಬೆಂಗಳೂರಿನ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಡ್ರೈವಿಂಗ್ ರೇಂಜ್ ಕಾಣುತ್ತಿತ್ತು. ಕುತೂಹಲಕ್ಕೆ ಒಳಗೆ ಹೋಗಿ ನೋಡಿದರು, ಅಲ್ಲಿಂದ ಎಲ್ಲ ಶುರುವಾಯಿತು. ಒಂದು ಕಿಟಕಿ, ಒಂದು ತೆರೆದ ಬಾಗಿಲು. ಕೋಟಿ ದಾಟಿದ ಜನಸಂಖ್ಯೆಯ ಬೆಂಗಳೂರಿನಲ್ಲಿ ಇವತ್ತಿಗೂ ಪಾಲಿಕೆ ನಡೆಸುವ, ಬಸ್ಸಿನಲ್ಲಿ ಬಂದು ಟಿಕೆಟ್ ಕೊಂಡು ಆಡಬಹುದಾದ 9 ಹೋಲ್‌ಗಳ ಪುಟ್ಟ ಮೈದಾನವೂ ಇಲ್ಲ. ಇನ್ನು ಕಸದ ಗುಡ್ಡದ ವಿಷಯ: ಬೆಂಗಳೂರಿನ ಪಕ್ಕದ ಮಂಡೂರಿನಲ್ಲೂ ನಗರದ ಕಸದ ಬೆಟ್ಟವನ್ನು ವರ್ಷಗಟ್ಟಲೆ ಸಹಿಸಿದ ಹಳ್ಳಿಗರಿದ್ದಾರೆ. ಅಲ್ಲಿಗೆ ಗಾಲ್ಫ್ ತನ್ನಿ ಎಂದು ನಾನು ಹೇಳಲಾರೆ, ನೀರಿನ ಬರವಿರುವ ನಾಡಿನಲ್ಲಿ ಹುಲ್ಲಿಗೆ ನೀರೆಲ್ಲಿಂದ ಎಂದು ಮೊದಲು ಹೇಳಬೇಕಾಗುತ್ತದೆ. ಆ ಜಾಗ ಏನಾಗಬೇಕೆಂದು ತೀರ್ಮಾನಿಸುವವರು ಆ ಹಳ್ಳಿಗರೇ. ಆದರೆ ಕಸ ಹೊತ್ತ ನೆಲವನ್ನು ಜನರಿಗೇ ಮರಳಿ ಕೊಡಬಹುದು, ಅದೂ ಅಂದವಾಗಿ ಕೊಡಬಹುದು ಎಂಬುದಕ್ಕೆ ಬ್ರೇಬೆನ್ ಸಾಕ್ಷಿ.

ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮಕ್ಕಳನ್ನು ಈಜಿಗೆ, ಸ್ಕೇಟಿಂಗ್‌ಗೆ ಕರೆದೊಯ್ಯುವಂತೆ ಈ ಮೈದಾನಗಳಿಗೂ ಕರೆದೊಯ್ಯಬೇಕು. ಇವೂ ನಮ್ಮ ತೆರಿಗೆಯ ಸ್ವತ್ತೇ. ಶುಲ್ಕ ಸದ್ದಿಲ್ಲದೆ ಏರುವುದು ಪ್ರತಿ ವರ್ಷದ ಬಜೆಟ್ ಸಮಯದಲ್ಲಿ. ಮಕ್ಕಳ ದರ, ಸಂಜೆಯ ದರ ಉಳಿಯಬೇಕಾದರೆ ಆಗಲೇ ಕೇಳಬೇಕು. ವಾರಾಂತ್ಯದ ಬೆಳಗಿನ ಸಮಯವನ್ನೆಲ್ಲ ಬೆರಳು ಚುರುಕಿನವರೇ ಆನ್‌ಲೈನಿನಲ್ಲಿ ಬಾಚಿಕೊಳ್ಳದಂತೆ ಒಂದಷ್ಟನ್ನು ಹೊಸಬರಿಗೆ, ಶಾಲಾ ಮಕ್ಕಳಿಗೆ ಮೀಸಲಿಡಿ ಎಂದೂ ಒತ್ತಾಯಿಸಬೇಕು. ಒಂಟಾರಿಯೊದ ನಗರಸಭೆ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ; 2022ರ ನಂತರದ್ದು 2026ರ ಅಕ್ಟೋಬರ್‌ನಲ್ಲಿ. ಮತ ಹಾಕಲು ಕೆನಡಾದ ಪೌರತ್ವ ಬೇಕು. ನಗರಸಭೆಯ ಸಮಿತಿಯ ಮುಂದೆ ಹೆಸರು ಕೊಟ್ಟು ಎದ್ದುನಿಂತು ಮಾತನಾಡಲು ಅದೂ ಬೇಕಿಲ್ಲ.